ಖೂಬಾ ಪ್ಲಾಟಿನಲ್ಲಿದ್ದ ಕಮಲಾಪುರದ ಕಂಪ್ಯೂಟರ್

ಕಮಲಾಪುರದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ಮನೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ. ದಿನಾ ಬಸ್ಸಿನ ಓಡಾಟ. ರಜೆಯಲ್ಲಿ ಕಂಪ್ಯೂಟರ್ ತರಗತಿಗೆ ಹೋಗಿ ಒಂದು ಸರ್ಟಿಫಿಕೇಟು ತಂದಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸರ್ಕಾರದ ಅನುದಾನದಿಂದ ಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂದಾಗ, ಅದು ನನ್ನ ಕೊರಳಿಗೆ ಬಿತ್ತು. ನನಗೇನೋ ಖುಷಿಯೇ ಆಗಿತ್ತು. ಈಗ ನೆನೆಸಿಕೊಂಡರೆ ಆ ಖುಷಿಯ ಮೇಲೇ ಸಿಟ್ಟು ಬರುತ್ತದೆ.

ನಮ್ಮ ಕಡೆ ಮನೆಗೆ ಹೊಸ ಕೊಡ, ಹೊಸ ಪರಾತ ಬಂದರೆ ಮೊದಲು ಅದರ ಮೇಲೆ ಹೆಸರು ಹಾಕಿಸುತ್ತಾರೆ. ಮದುವೆ ಮನೆಗಳನ್ನೆಲ್ಲ ಸುತ್ತಿದರೂ ಪಾತ್ರೆ ತಿರುಗಿ ಬರಲಿ ಎಂದು. ಕಂಪ್ಯೂಟರಿಗೂ ಹಾಗೆ ಹೆಸರು ಹಾಕಬಹುದೆಂದು ನಾನು ತರಗತಿಯಲ್ಲಿ ಕಲಿತಿದ್ದೆ. ಅದರ ಸಿಸ್ಟಂ ಫೋಲ್ಡರಿನೊಳಗೆ ನಾಲ್ಕಾರು ಸಾಲಿನ ಒಂದು ಫೈಲು ಬರೆದಿಟ್ಟರೆ ಸಾಕು, ಈ ಯಂತ್ರ ಯಾರದು, ಎಲ್ಲಿಯದು ಎನ್ನುವುದು ವಿವರದ ಪುಟದಲ್ಲಿ ಕಾಣಿಸುತ್ತದೆ. ತಯಾರಿಸಿದವರ ಹೆಸರು ಇರಬೇಕಾದಲ್ಲಿ ಶಾಲೆಯ ಹೆಸರು ಬರೆದೆ, ಮಾದರಿ ಎಂಬಲ್ಲಿ ಕಮಲಾಪುರ ಎಂದು ಬರೆದೆ. ಹತ್ತನೆಯ ತರಗತಿಗೆ ಬರಲಿದ್ದ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಆ ಇಂಗ್ಲಿಷ್ ಅಕ್ಷರಗಳನ್ನು ಓದಿದರು. ಪಾಠ ಶುರು ಮಾಡುವ ಮೊದಲೇ ಬೇಸಿಗೆ ರಜೆ ಬಂತು.

ಕಮಲಾಪುರದಲ್ಲಿ ಕರೆಂಟು ಸರಿಯಿಲ್ಲ, ಕಳ್ಳರ ಕಾಟ ಬೇರೆ ಎಂದು ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕಂಪ್ಯೂಟರನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಅವರ ಮನೆಯೂ ಖೂಬಾ ಪ್ಲಾಟಿನಲ್ಲೇ. ಶಾಲೆ ಶುರುವಾಯಿತು, ಕಂಪ್ಯೂಟರ್ ಬರಲಿಲ್ಲ. ಅದರ ಮುಂದೆ ಕಾರ್ಯದರ್ಶಿಗಳ ಅಳಿಯ ಕುಳಿತು ಇಸ್ಪೀಟು ಆಡುತ್ತಿದ್ದಾನೆಂದು ಓಣಿಯವರಿಗೆಲ್ಲ ಗೊತ್ತಿತ್ತು. ನಾನು ಕರಿಹಲಗೆಯ ಮೇಲೆ ಕೀಬೋರ್ಡಿನ ಚಿತ್ರ ಬರೆದು ಪಾಠ ಮಾಡುತ್ತಿದ್ದೆ. ಹುಡುಗಿಯರು ಸರದಿಯಂತೆ ಬಂದು ಸೀಮೆಸುಣ್ಣದ ಗೆರೆಗಳ ಮೇಲೆ ಬೆರಳು ಒತ್ತುತ್ತಿದ್ದರು. ಮಾರ್ಚಿನಲ್ಲಿ ಅವರು ಶಾಲೆ ಬಿಟ್ಟು ಹೋಗುವವರು. ಅಷ್ಟರೊಳಗೆ ಒಮ್ಮೆಯಾದರೂ ಅವರ ಕೈಗೆ ನಿಜವಾದ ಕಂಪ್ಯೂಟರ್ ಸಿಗಬೇಕು ಎನ್ನುವುದಷ್ಟೇ ನನ್ನ ಹಟವಾಗಿತ್ತು. ಕಾರ್ಯದರ್ಶಿಗಳ ಹತ್ತಿರವೇ ಹೋಗಿ ಕೇಳಿದೆ.

“ಯಾಕ ಚಿಂತಿ ಮಾಡ್ತೀರಿ ಟೀಚರ್? ನೀವು ಅದರಾಗ ಹಾಕಿದ ಹೆಸರು ಸಾಲೀದೇ ಅದ ಅಲ್ಲ,” ಎಂದರು.

ಚಳಿಗಾಲದಲ್ಲಿ ಅನುದಾನದ ತಪಾಸಣೆಗೆ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ನನ್ನ ಪುಣ್ಯ, ಇನ್ನು ಎಲ್ಲ ದಾರಿಗೆ ಬರುತ್ತದೆ ಎಂದುಕೊಂಡೆ. ಆದರೆ ಅವರು ಕಮಲಾಪುರದ ಕಡೆ ತಲೆ ಹಾಕಲಿಲ್ಲ. ಕಂಪ್ಯೂಟರ್ ತೋರಿಸಲು ನನ್ನನ್ನೇ ಕಾರ್ಯದರ್ಶಿಗಳ ಮನೆಗೆ ಕರೆಸಿದರು. ಅಧಿಕಾರಿ ಸೋಫಾದ ಮೇಲೆ ಕುಳಿತು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿನ್ನುತ್ತಿದ್ದರು. ನಾನು ವಿವರದ ಪುಟ ತೆರೆದೆ. ಅವರು ಎದ್ದು ಬಂದು ಬಗ್ಗಿ ನೋಡಿದರು.

“ಸಾಲಿ ಹೆಸರು ಅದ, ಕಮಲಾಪುರ ಅಂತ ಅದ. ಮುಗೀತಲ್ರಿ,” ಎಂದು ಸಹಿ ಮಾಡಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹಾಕಿದ ಹೆಸರೇ ಕಾರ್ಯದರ್ಶಿಗಳ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಅಲ್ಲೇ ಆ ಫೈಲು ತೆರೆದು, ಶಾಲೆಯ ಹೆಸರನ್ನೂ ಕಮಲಾಪುರವನ್ನೂ ಅಳಿಸಿ, ಕಾರ್ಯದರ್ಶಿಗಳ ಮನೆ, ಖೂಬಾ ಪ್ಲಾಟ್ ಎಂದು ಬರೆದೆ. ಪುಟವನ್ನು ಮತ್ತೆ ತೆರೆದು ತೋರಿಸಿದೆ.

“ಈಗ ಓದ್ರಿ ಸರ್.”

“ನಾ ಆಗಲೇ ಓದೀನಿ,” ಎಂದು ಅಧಿಕಾರಿ ಪೆನ್ನನ್ನು ಕಿಸೆಗೆ ಸಿಕ್ಕಿಸಿದರು.

ಕಾರ್ಯದರ್ಶಿಗಳು ಸಿಟ್ಟಾಗಲೂ ಇಲ್ಲ. ಟೀಚರಿಗೆ ಚಹಾ ಕೊಡಿ ಎಂದು ಒಳಗೆ ಕೂಗಿದರು. ಆ ಚಹಾ ನಾನು ಕುಡಿಯಲಿಲ್ಲ. ನಾನು ತೋರಿಸಿದ ಪೌರುಷ ಅಷ್ಟೇ.

ಮುಂದಿನ ವಾರ ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು, ಕಂಪ್ಯೂಟರ್ ಯಾವಾಗ ಬರುತ್ತದೆ ಎಂದು ಮತ್ತೆ ಕೇಳಿದೆ. ಕಾರ್ಯದರ್ಶಿಗಳು ಎಲ್ಲರ ಕಡೆ ತಿರುಗಿದರು.

“ಅದು ನಮ್ಮ ಮನೀದು ಅಂತ ಟೀಚರ್ ತಾವೇ ಬರದು ಹೋಗ್ಯಾರ. ಅವರು ಬರದಿದ್ದು ಸುಳ್ಳು ಅಂತ ನಾ ಹ್ಯಾಂಗ ಅನ್ಲಿ?”

ಎಲ್ಲರೂ ನಕ್ಕರು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಅದೇ ಕಾರ್ಯದರ್ಶಿಯನ್ನು ದಿನಾ ಬೈಯುತ್ತಿದ್ದ ಹಿಂದಿ ಟೀಚರ್ ಕೂಡ ಸೆರಗು ಬಾಯಿಗಿಟ್ಟು ನಕ್ಕರು. ಅವರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಸುದ್ದಿ ತರಗತಿಗೂ ಮುಟ್ಟಿತು. ಮರುದಿನ ನಾನು ಹಲಗೆಯ ಕಡೆ ತಿರುಗುವ ಮೊದಲೇ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಟೀಚರ್, ಅದರಾಗಿನ ನಮ್ಮ ಸಾಲಿ ಹೆಸರು ನೀವೇ ತೆಗೆದ್ರಂತ, ಖರೆ ಏನ್ರಿ?”

ಹೌದು ಎಂದೆ. ಯಾಕೆ ತೆಗೆದೆ, ಯಾರ ಮುಂದೆ ತೆಗೆದೆ ಎಂದು ಹೇಳಲು ಬಾಯಿ ತೆರೆದೆ. ಅವಳು ಅದಕ್ಕೆ ಕಾಯಲಿಲ್ಲ.

“ಹಂಗಾದ್ರ ಇನ್ನ ನಾವು ಅದನ್ನ ಕೇಳೂ ಹಂಗೂ ಇಲ್ಲ ಅಲ್ರಿ,” ಎಂದು ಕುಳಿತುಕೊಂಡಳು.