ಅಪ್ಪನ ಗಡಿಯಾರ

ನಮ್ಮಪ್ಪ ಕಂಡಷ್ಟು ಬಂದರುಗಳನ್ನು ನಮ್ಮ ವಂಶದಲ್ಲೇ ಯಾರೂ ಕಂಡಿಲ್ಲ ಎಂದು ಅಮ್ಮ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಕಂಡದ್ದೇನು ಮಣ್ಣು! ಲೋಕ ಸುತ್ತುವ ಪ್ರವಾಸಿ ಹಡಗಿನ ತಳದಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಅವನಿಗೆ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸ. ಹಡಗು ದಡ ಸೇರಿದ ದಿನವೇ ಕೆಲಸ ಜಾಸ್ತಿ. ಪ್ರಯಾಣಿಕರು ಟೋಪಿ ಹಾಕಿಕೊಂಡು ಊರು ನೋಡಲು ಇಳಿದರೆ, ಅವರ ಹಾಸಿಗೆಯ ಚಾದರಗಳೆಲ್ಲ ಅಪ್ಪನ ಹತ್ತಿರ ಇಳಿಯುತ್ತಿದ್ದವು.

ಆದರೂ ರಜೆಗೆ ಬಂದಾಗ ಊರೂರಿನ ಕಥೆ ಹೇಳುತ್ತಿದ್ದ. ಒಗೆಯುವ ಮುಂಚೆ ಜೇಬು ತಡಕುವುದೂ ಅವನದೇ ಕೆಲಸ. ಒಂದು ಬಂದರಿನಿಂದ ಜೇಬು ತುಂಬ ಕಪ್ಪು ಮರಳು ಬರುತ್ತಿತ್ತಂತೆ. ಇನ್ನೊಂದರಿಂದ ಬಾಡಿದ ನಿಂಬೆ ಹೂವು. ಮತ್ತೊಂದು ಊರಿನಲ್ಲಿ ಹೆಂಗಸರ ಲಂಗಗಳ ಅಂಚೆಲ್ಲ ಉಪ್ಪು ನೀರಿನಲ್ಲಿ ನೆನೆದಿರುತ್ತಿತ್ತು. ಅಲ್ಲಿ ಬೀದಿಗಳೇ ಸಮುದ್ರಕ್ಕೆ ಇಳಿಯುತ್ತವೆ ಎಂದು ಅಪ್ಪ ಹೇಳಿದರೆ ನಾನು ನಂಬುತ್ತಿದ್ದೆ. ಅವನ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತ ಕೇಳುತ್ತ ರೆಪ್ಪೆ ಭಾರವಾಗಿ, ಆ ಬೀದಿಗಳಲ್ಲಿ ಬರಿಗಾಲಲ್ಲಿ ನಡೆದು ನೀರಿನೊಳಕ್ಕೆ ಹೋಗಿಬಿಡುತ್ತಿದ್ದೆ. ಈಗಲೂ ಒಮ್ಮೊಮ್ಮೆ ಹೋಗುತ್ತೇನೆ.

ಅಡುಗೆಮನೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ನಮ್ಮದು, ಇನ್ನೊಂದು ಅಪ್ಪನದು. ಅವನು ಯಾವ ಬಂದರಿನಿಂದ ಫೋನು ಮಾಡಿದರೂ ಅಮ್ಮ ಮೊದಲು ಕೇಳುವುದು, ಹಡಗಿನಲ್ಲಿ ಈಗ ಗಂಟೆ ಎಷ್ಟು ಎಂದು. ಕೂಡಲೇ ಸ್ಟೂಲು ಹತ್ತಿ ಮುಳ್ಳು ತಿರುಗಿಸುವಳು. ಮಟಮಟ ಮಧ್ಯಾಹ್ನ ನಾನು ಗಲಾಟೆ ಮಾಡಿದರೆ, ಅಪ್ಪ ಈಗ ಮಲಗಿರುತ್ತಾನೆ, ಸುಮ್ಮನಿರು ಎಂದು ಗದರುವಳು. ನಾನೂ ತೆಪ್ಪಗಾಗುತ್ತಿದ್ದೆ. ಹುಚ್ಚರ ಸಂತೆ ನಮ್ಮ ಮನೆ!

ಮದುವೆಯಾಗಿ ಈ ದೂರದ ಬಂದರಿಗೆ ಬಂದ ಮೇಲೆ ನಾನೂ ಅಂಥದೇ ಎರಡನೆಯ ಗಡಿಯಾರ ತೂಗುಹಾಕಿದೆ. ಬೇಕರಿಯಲ್ಲಿ ದುಡಿಯುವ ನನ್ನ ಗಂಡ ಮೊದಮೊದಲು ನಕ್ಕ, ಆಮೇಲೆ ಅವನೇ ಅದಕ್ಕೆ ಸೆಲ್ಲು ಹಾಕತೊಡಗಿದ. ಮಗಳು ಹುಟ್ಟಿದಳು. ಅಪ್ಪ ಅವಳನ್ನು ನೋಡಿರಲಿಲ್ಲ. ಅಷ್ಟರಲ್ಲಿ ಅವನ ಹಡಗು ಈಗ ನಮ್ಮೂರಾದ ಈ ಬಂದರಿನಲ್ಲೇ ಒಂದು ದಿನ ನಿಲ್ಲುವುದಾಯಿತು. ಮತ್ತೆ ಈ ಕಡೆ ಬರುವುದಿಲ್ಲ, ಇದೊಂದೇ ಸಲ ಎಂದ.

"ಹತ್ತು ಗಂಟೆಗೆ ಬಂದರಿನ ಗೇಟ್ ಹತ್ರ ಬಾ. ಒಂದೇ ಗಂಟೆ ಬಿಟ್ಟಿದ್ದಾರೆ. ಮಗೂನ ಒಂದ್ಸಲ ಎತ್ಕೋಬೇಕು ಕಣೇ" ಎಂದು ಹಿಂದಿನ ಬಂದರಿನಿಂದ ಫೋನು ಮಾಡಿದ್ದ.

ಒಂದು ದಿನ ತಂಗುವುದಕ್ಕಾಗಿ ಹಡಗಿನವರು ಗಡಿಯಾರ ಬದಲಿಸುವುದಿಲ್ಲ. ಅವತ್ತು ಹಡಗು ನಮ್ಮೂರಿಗಿಂತ ಒಂದು ಗಂಟೆ ಹಿಂದಿತ್ತು. ಅಪ್ಪನ ಹತ್ತು ಎಂದರೆ ನಮಗೆ ಹನ್ನೊಂದು. ನನಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ? ಮಗುವಿಗೆ ಎಣ್ಣೆ ಹಚ್ಚಿ, ಮೀಯಿಸಿ, ಹಳದಿ ಫ್ರಾಕು ತೊಡಿಸಿ, ನಿಧಾನವಾಗಿ ಹೊರಟೆ.

ಗೇಟಿನಲ್ಲಿ ಅಪ್ಪ ಇರಲಿಲ್ಲ. ಕಾವಲುಗಾರ ನನ್ನನ್ನೂ ಮಗುವನ್ನೂ ನೋಡಿ ತುಟಿ ಕಚ್ಚಿಕೊಂಡ. ಬಿಳಿ ಅಂಗಿಯ ಹಿರಿಯರೊಬ್ಬರು ಒಂದು ಗಂಟೆ ಇಲ್ಲೇ ನಿಂತಿದ್ದರು, ಈಗಷ್ಟೇ ಒಳಗೆ ಹೋದರು ಎಂದು ಹೇಳಿ, ಅವರು ಬಿಟ್ಟುಹೋದ ಪೊಟ್ಟಣ ಕೊಟ್ಟ. ಒಳಗೆ ಒಂದು ಪುಟ್ಟ ಹೊದಿಕೆ. ಎಲ್ಲೂ ಒಂದು ಸುಕ್ಕಿಲ್ಲ. ಆಗ ನನಗೆ ಹೊಳೆಯಿತು: ಮಗಳು ಈಗ ದಡದವಳು, ಅವಳ ಗಂಟೆಗೇ ಹೋಗೋಣ ಎಂದು ಅಪ್ಪ ಜೀವಮಾನದಲ್ಲಿ ಮೊದಲ ಸಲ ಕೈಗಡಿಯಾರವನ್ನು ಊರಿನ ಹೊತ್ತಿಗೆ ತಿರುಗಿಸಿಕೊಂಡಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನಗೆ ಅಳುವೂ ಬಂತು, ಮೈಯೆಲ್ಲ ಉರಿಯುವಂಥ ಸಿಟ್ಟೂ ಬಂತು.

ಹಡಗಿನ ಅಡುಗೆಯವನೊಬ್ಬ ಸಾಮಾನಿನ ಚೀಲ ಹೊತ್ತು ವಾಪಸು ಹೋಗುತ್ತಿದ್ದ. ಅವನ ಕೈ ಹಿಡಿದು ಬೇಡಿಕೊಂಡೆ: "ಇಸ್ತ್ರಿಯವರ ಮಗಳು ಕಟ್ಟೆ ಗೋಡೆ ಹತ್ರ ಕೂತಿದ್ದಾಳೆ, ಹಡಗು ಹೋಗೋವರೆಗೂ ಇರ್ತಾಳೆ ಅಂತ ಹೇಳಿ ಅಣ್ಣಾ."

ಕೂತೆ. ಬಿಸಿಲು ಏರಿ ಇಳಿಯಿತು. ಗಂಡ ಬನ್ನು ತಂದುಕೊಟ್ಟು ಹೋದ. ನೀರು ಗೋಡೆಯನ್ನು ಮೆಲ್ಲಗೆ ತಟ್ಟುತ್ತಿತ್ತು. ಕಣ್ಣು ಎಳೆದಂತಾಗಿ, ನಮ್ಮ ಬೀದಿಯೂ ಸಮುದ್ರಕ್ಕೆ ಇಳಿದು, ಅಪ್ಪ ಅದರಲ್ಲಿ ಚಾದರಗಳನ್ನು ಹೊತ್ತು ನಡೆದು ಬರುತ್ತಿದ್ದಾನೆ ಅನ್ನಿಸಿತು. ಹಡಗಿನ ಸೀಟಿ ಕೇಳಿ ಬೆಚ್ಚಿ ಎದ್ದೆ.

ಹಡಗು ದಡ ಬಿಡುತ್ತಿತ್ತು. ಹಿಂಭಾಗದ ಕೆಳಗಿನ ಅಂತಸ್ತಿನಲ್ಲಿ, ಕೆಲಸಗಾರರು ನಿಲ್ಲುವ ಕಡೆ, ಬೆರಳುದ್ದದ ಒಬ್ಬ ಮನುಷ್ಯ ದೊಡ್ಡ ಬಿಳಿ ಚಾದರವನ್ನು ಎರಡೂ ಕೈಯಲ್ಲಿ ಹಿಡಿದು ಬೀಸುತ್ತಿದ್ದ. ತಲೆದಿಂಬಿನ ಒಂದು ಸುಕ್ಕನ್ನೂ ಸಹಿಸದವನ ಕೈಯಲ್ಲಿ ಅದು ಗಾಳಿಗೆ ಮುದುಡಿ ಮುದ್ದೆಯಾಗುತ್ತಿತ್ತು. ಮಗು ಅತ್ತು ಅತ್ತು ಹೆಗಲ ಮೇಲೆ ನಿದ್ದೆ ಹೋಗಿತ್ತು. ಎಬ್ಬಿಸಿದೆ, ಏಳಲಿಲ್ಲ. ಅದರ ಮಣಿಕಟ್ಟು ಹಿಡಿದು ಮೇಲೆತ್ತಿ ನಾನೇ ಬೀಸಿದೆ. ಚಾದರ ಚುಕ್ಕೆಯಾಗುವವರೆಗೂ ಬೀಸಿದೆ.

ಅಮ್ಮನಿಗೆ ಹೇಳಿದಾಗ, "ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ. ಅಪ್ಪ ಮಗಳದ್ದು ಅದೇ ಕಥೆ" ಎಂದು ಬೈದು, ಮೂಗೆಳೆದುಕೊಂಡು ಫೋನಿಟ್ಟಳು.

ಮುಂದಿನ ಬಂದರಿನಿಂದ ಅಪ್ಪ ಫೋನು ಮಾಡಿದ. ತಪ್ಪಿದ ಗಂಟೆಯ ಮಾತೇ ಎತ್ತಲಿಲ್ಲ. ದನಿಯಲ್ಲಿ ಹಬ್ಬವಿತ್ತು.

"ಮಗು ಕೈ ಬೀಸ್ತಲ್ಲೇ! ನನ್ನ ನೋಡೇ ಬೀಸಿದ್ದು, ಅಲ್ವಾ?"

"ಹೂಂ ಅಪ್ಪಾ, ನಿನ್ನೇ ನೋಡಿ ಬೀಸಿದ್ಲು" ಎಂದೆ.

ಇನ್ನೊಂದು ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಸ್ಟೂಲು ಎಳೆದುಕೊಂಡು, ಅಲ್ಲಿ ಈಗ ಗಂಟೆ ಎಷ್ಟು ಎಂದು ಕೇಳಿದೆ.