ಶನಿವಾರದ ಚೀಲ

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವಾಗ, ಊರು ದಾಟಿದ ಮೇಲೆ ಎಡಕ್ಕೆ ಒಂದು ಹಾಳುಬಿದ್ದ ಕಲ್ಲಿನ ಕ್ವಾರಿ ಇದೆ. ಅದರ ಮೂಡಣ ದಂಡೆಯ ಮೇಲೆ, ಜಾಲಿ ಗಿಡದ ಮರೆಯಲ್ಲಿ ನಾನು ನಿಂತಿದ್ದೆ. ಯುಗಾದಿಯ ಹಿಂದಿನ ಶನಿವಾರ. ಬಿಸಿಲು ಆಗಲೇ ಏರಿತ್ತು. ಕೆಳಗೆ ಕಾಕಾ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಒಂದು ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದರು. ಉಸಿರು ಬಿಟ್ಟಾಗಲೆಲ್ಲ ಸೀಟಿ ಸಣ್ಣಗೆ ಕೂಗುತ್ತಿತ್ತು. ಅದು ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ ತಿಳಿಯದು.

ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ಅವರನ್ನು ಓಣಿಯೆಲ್ಲ ಕಂಡಕ್ಟರ್ ಕಾಕಾ ಎನ್ನುತ್ತಿತ್ತು. ನನ್ನ ಟೇಲರ್ ಅಂಗಡಿಯ ಎದುರಿಗೇ ಅವರ ಮನೆ. ಒಂದು ಕಾಲಕ್ಕೆ ನಮ್ಮ ಗಟಾರದಲ್ಲಿ ಹಾಲಿನ ಪಾಕೀಟು, ಬಿಸ್ಕತ್ತಿನ ಕಾಗದ ಸಿಕ್ಕಿಕೊಂಡು, ಮಳೆ ಬಂದರೆ ನೀರು ಹೊಸ್ತಿಲು ಹತ್ತುತ್ತಿತ್ತು. ಅದನ್ನು ನಿಲ್ಲಿಸಿದವರು ಅವರು. ಮನೆಮನೆಗೆ ಹೋಗಿ ಹೇಳುತ್ತಿದ್ದರು, "ಕಸಕ್ಕೂ ಒಂದು ಸ್ಟಾಪ್ ಇರತೈತ್ರವ್ವಾ. ಎಲ್ಲೆಂದರಲ್ಲಿ ಇಳಸಬಾರ್ದು."

ಹಳೆ ಸೀರೆಯ ಸ್ಟಾಪು ಹೊದೆಯುವ ಕೌದಿ. ನನ್ನ ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಯ ಸ್ಟಾಪು ಸಂತೆಯ ಚೀಲ. ಓಣಿಗೆಲ್ಲ ನಾನೇ ಹೊಲಿದುಕೊಟ್ಟೆ. ತರಕಾರಿ ಸಿಪ್ಪೆ, ಸೊಪ್ಪಿನ ದಂಟು ಅಂಥದೇ ಚೀಲದಲ್ಲಿ ಊರ ಹೊರಗೆ ಕುರಿ ಸಾಕಿಕೊಂಡಿರುವ ಮೈಲವ್ವನಿಗೆ. ಅದಕ್ಕೆ ಬದಲಾಗಿ ಆಕೆ ನಮ್ಮ ಮಲ್ಲಿಗೆ, ಕರಿಬೇವಿನ ಗಿಡಗಳಿಗೆ ಕುರಿಗೊಬ್ಬರ ಕೊಡುತ್ತಿದ್ದಳು. ಹಾಲಿನ ಪಾಕೀಟನ್ನು ಕತ್ತರಿಸುವುದಕ್ಕೂ ಕಾಕಾ ಒಂದು ರೀತಿ ಕಲಿಸಿದ್ದರು. ಮೂಲೆಯನ್ನು ಪೂರ್ತಿ ಹರಿಯಬಾರದು. "ಕಿವಿ ಜೋತಾಡ್ಲಿ ಬಿಡ್ರಿ. ಹರದ ಚೂರು ಆಮ್ಯಾಲೆ ಯಾರ ಕೈಗೂ ಸಿಗಂಗಿಲ್ಲ." ಆ ಪಾಕೀಟನ್ನು ತೊಳೆದು, ಬಟ್ಟೆಯ ಜೊತೆ ತಂತಿಯ ಮೇಲೆ ಒಣಗಿಸಬೇಕು. "ನಿಮ್ಮ ಅಂಗಿಗಿಂತ ಪಾಕೀಟ ಬೆಳ್ಳಗ ಅದಾವು ನೋಡ್ರಿ" ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಶನಿವಾರ ಬೆಳಿಗ್ಗೆ ಕಾಕಾ ಸೀಟಿ ಊದುತ್ತಾ ಬರುತ್ತಿದ್ದರು. ಹೆಂಗಸರು ನಾನು ಹೊಲಿದ ಚೀಲದಲ್ಲೇ ಒಣಕಸ ತುಂಬಿ ತಂದು ಅವರ ಮೊಪೆಡ್ಡಿಗೆ ಹೇರುತ್ತಿದ್ದರು. ಹಗರಿಬೊಮ್ಮನಹಳ್ಳಿಯ ಗುಜರಿಯವನಿಗೆ ಅದು ಹೋಗುತ್ತದೆ, ಅಲ್ಲಿಂದ ಮುಂದೆ ಬಕೆಟ್ಟಾಗುತ್ತದೆ ಎಂದು ಅವರು ಹೇಳಿದ್ದರು.

"ನಮ್ಮ ಪಾಕೀಟಿನ ಬಕೆಟ್ ನಮಗೊಂದು ತಂದುಕೊಡ್ರಿ ಕಾಕಾ!"

"ಮೊದಲು ಬಸ್ಸು ತುಂಬಸ್ರವ್ವಾ. ಖಾಲಿ ಬಸ್ಸಿಗೆ ರೈಟ್ ಅನ್ನಂಗಿಲ್ಲ ನಾನು."

ಆ ಶನಿವಾರಕ್ಕೆ ಮೊದಲು ಒಂದು ಮಧ್ಯಾಹ್ನ ಮೈಲವ್ವ ನನ್ನ ಅಂಗಡಿಗೆ ಬಂದು, ಒಂದು ಚೀಲವನ್ನು ಮಷೀನಿನ ಮೇಲೆ ಒಗೆದಳು.

"ಟೇಲರಣ್ಣಾ, ಇದು ನಿನ್ನ ಹೊಲಿಗಿ ಹೌದೋ ಅಲ್ಲೋ?"

ನೀಲಿ ಯೂನಿಫಾರ್ಮ್ ಬಟ್ಟೆ, ಹಸಿರು ಕುಪ್ಪಸದ ತುಂಡಿನ ಅಂಚು, ಹಿಡಿಕೆಗೆ ಎರಡು ಸಲ ಹೊಡೆದ ಹೊಲಿಗೆ. ನನ್ನದೇ.

"ಎಲ್ಲಿ ಸಿಕ್ತು?"

"ಕ್ವಾರಿಯಾಗ. ಗಬ್ಬದ ಕುರಿ ಹೊಟ್ಟಿ ಉಬ್ಬಿ ಸತ್ತೋತು. ಕೊಯ್ದು ನೋಡಿದ್ರ ಒಳಗ ಪಾಕೀಟು ಉಂಡಿಗಟ್ಟಿ ಕುಂತಿದ್ವು."

ಹೋಟೆಲಿನವರು ಸುರಿದಿರಬಹುದು ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಪಾಕೀಟು ತೆಗೆದು ತೋರಿಸಿದಳು. ಅದರ ಮೂಲೆಯ ಕಿವಿ ಜೋತಾಡುತ್ತಿತ್ತು. ಊರಲ್ಲಿ ಹಾಗೆ ಕತ್ತರಿಸುವವರು ನಾವು ಮಾತ್ರ.

"ನಿಮ್ಮ ಓಣಿ ಚೀಲ ಕಂಡ್ರ ನನ್ನ ಕುರಿ ಓಡಿ ಹೋಗ್ತಾವಣ್ಣಾ, ಸಿಪ್ಪಿ ಐತಿ ಅಂತ. ಅವಕ್ಕೇನು ಗೊತ್ತು?" ಎಂದಳು. "ಉಳಿದವನ್ನರ ಉಳಿಸಿಕೊಬೇಕು. ಯಾರು ಸುರೀತಾರ ಹೇಳು."

ಶನಿವಾರ ಇಬ್ಬರೂ ಹೋಗಿ ನೋಡೋಣ ಎಂದೆ. ಹಾಗೆ ನಾನು ಜಾಲಿ ಗಿಡದ ಮರೆಯಲ್ಲಿ ನಿಂತದ್ದು. ಮೈಲವ್ವ ನನ್ನ ಬಲಕ್ಕೆ ನಿಂತಿದ್ದಳು.

ಕೆಳಗಿಳಿದು "ಕಾಕಾ" ಎಂದೆ. ಅವರ ಬಾಯಿಂದ ಸೀಟಿ ಬಿತ್ತು. ಅದು ದಾರದಲ್ಲಿ ಎದೆಯ ಮೇಲೆ ಓಲಾಡಿತು. ಅವರು ಸುಳ್ಳು ಹೇಳಲಿಲ್ಲ.

"ಗುಜರಿಯವ ಪಾಕೀಟು ಒಲ್ಲೆ ಅಂದು ಭಾಳ ದಿನ ಆತು ತಮ್ಮಾ. ಬಾಟ್ಲಿ, ರಟ್ಟು ಇದ್ರ ತಾ ಅಂತಾನ."

"ನಮಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನಾಳಿಂದ ಯಾರು ತೊಳೀತಾರ? ಮತ್ತ ಗಟಾರಕ್ಕ ಒಗೀತಾರ. ಕಟ್ಟಿದ ರೂಢಿ ಮುರಿಬಾರ್ದು ಅಂತ..."

"ಗಟಾರ ನಿಮ್ದು. ಕುರಿ ನಂದು, ಕಾಕಾ," ಎಂದಳು ಮೈಲವ್ವ.

ಅವರು ತಲೆ ತಗ್ಗಿಸಿದರು. "ಸಂಜಿಗೆ ಗುಡಿಕಟ್ಟಿಗೆ ಬಾರವ್ವಾ. ಎಲ್ಲಾರ ಮುಂದ ನಾನ ಹೇಳ್ತೀನಿ. ಈ ಕ್ವಾರಿ ಸ್ವಚ್ಛ ಮಾಡ್ಸೋ ಜವಾಬ್ದಾರಿ ನಂದು" ಎಂದರು. ನಾವು ನಂಬಿದೆವು. ಅವರ ಮಾತನ್ನು ನಂಬದೆ ಇರುವುದು ನಮಗಿನ್ನೂ ಅಭ್ಯಾಸವಾಗಿರಲಿಲ್ಲ.

ಸಂಜೆ ಬಸವಣ್ಣನ ಗುಡಿಕಟ್ಟೆಯಲ್ಲಿ ಓಣಿ ಸೇರಿತ್ತು, ಮೈಲವ್ವನೂ ಬಂದಿದ್ದಳು. ಕಾಕಾ ಮಳೆಯ ಮಾತಾಡಿದರು, ಹಬ್ಬದ ಮಾತಾಡಿದರು. ನಾನು ಕಾದೆ. ಕೊನೆಗೆ ಜನ ಏಳತೊಡಗಿದಾಗ, ಬೆಳಿಗ್ಗೆ ಕಂಡದ್ದನ್ನು ಕಂಡ ಹಾಗೆ ನಾನೇ ಹೇಳಿದೆ. ಎಲ್ಲರೂ ಕಾಕಾನ ಮುಖ ನೋಡಿದರು.

"ಟೇಲರ್ ಬಿಸಲಾಗ ಏನೋ ತಪ್ಪು ಕಂಡಾನ," ಎಂದರು ಅವರು. "ಯಾರೋ ನಮ್ಮ ಚೀಲ ಒಯ್ದು ಅಲ್ಲಿ ಸುರುವ್ಯಾರ. ನಾ ನೋಡಾಕ ಹೋಗಿದ್ದೆ."

ದನಿ ನಡುಗಲಿಲ್ಲ. ನನ್ನ ಮುಖ ನೋಡಿಯೇ ಹೇಳಿದರು. ಮೈಲವ್ವನ ಕಡೆ ಮಾತ್ರ ನೋಡಲಿಲ್ಲ.

ಅವಳು ಬಾಯಿ ತೆರೆಯುವಷ್ಟರಲ್ಲಿ ಮೂಲೆಮನೆಯ ಗೌಡರ ಹೆಂಡತಿ ಎದ್ದರು. "ಇಷ್ಟು ವರ್ಷ ನಮ್ಮ ಸಿಪ್ಪಿ ಒಯ್ದು, ಈಗ ನಮ್ಮ ಕಾಕಾನ ಮ್ಯಾಲ ಹೇಳಾಕ ಬಂದಿಯೇನ?"

"ಇನ್ನ ಮ್ಯಾಲ ನಿಮ್ಮ ಸಿಪ್ಪಿ ನೀವ ತಿನ್ರಿ" ಎಂದು ಮೈಲವ್ವ ನಡೆದುಬಿಟ್ಟಳು.

ಮರುದಿನ ಬೆಳಿಗ್ಗೆ ಓಣಿಯ ಇಬ್ಬರನ್ನು ಕ್ವಾರಿಗೆ ಕರೆದುಕೊಂಡು ಹೋದೆ. ಅಲ್ಲಿ ಕರಿ ಬೂದಿ ಇತ್ತು. ಕೈಯಿಟ್ಟರೆ ಇನ್ನೂ ಬೆಚ್ಚಗಿತ್ತು. ಸುಟ್ಟವರು ಯಾರೆಂದು ನಾನು ಕಂಡಿಲ್ಲ, ಕಾಣದ್ದನ್ನು ಹೇಳುವುದಿಲ್ಲ. "ಇದರಾಗ ಏನು ನೋಡಬೇಕೋ ಟೇಲರ್?" ಎಂದು ಅವರು ಹಿಂದಿರುಗಿದರು.

ಯುಗಾದಿ ಕಳೆದ ಮೇಲೆ ಕಾಕಾ ಇನ್ನೊಂದು ವ್ಯವಸ್ಥೆ ಮಾಡಿದರು. ಎಮ್ಮೆ ಕಟ್ಟಿದವರೊಬ್ಬರನ್ನು ಒಪ್ಪಿಸಿ, ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಓಣಿಯ ಮೂಲೆಗೆ ಬರುವಂತೆ ಮಾಡಿದರು. "ಚೊಂಬು ತರ್ರಿ. ಪಾಕೀಟ ಇಲ್ಲ ಅಂದ್ರ ತೊಳಿಯೋ ಕೆಲಸನೂ ಇಲ್ಲ" ಎಂದರು. ಎಷ್ಟು ಸರಿಯಾದ ಮಾತು! ಗುಜರಿಯವ ಒಲ್ಲೆ ಎಂದಾಗಲೇ ಆಡಬಹುದಿತ್ತು. ಓಣಿ ಅವರನ್ನು ಇನ್ನಷ್ಟು ಹೊಗಳಿತು. ನಾನೂ ಚೊಂಬು ಹಿಡಿದು ಸಾಲಿನಲ್ಲಿ ನಿಂತೆ. ಈಗಲೂ ನಿಲ್ಲುತ್ತೇನೆ. ನನ್ನ ಅಂಗಡಿಯಿಂದ ಒಂದು ಚಿಂದಿಯೂ ಗಟಾರಕ್ಕೆ ಹೋಗುವುದಿಲ್ಲ. ಅದು ಅವರಿಂದ ಕಲಿತದ್ದು. ಅದನ್ನು ಬಿಟ್ಟುಬಿಡಲು ನನ್ನಿಂದ ಆಗಿಲ್ಲ.

ಮುಂದೆ ಲಕ್ವ ಹೊಡೆದು ಮಲಗಿದಾಗ ಕಾಕಾ ನನಗೆ ಹೇಳಿಕಳಿಸಿದರು. ಕ್ವಾರಿಯ ಮಾತು ಈಗ ಬರುತ್ತದೆ ಎಂದುಕೊಂಡು ಮಂಚದ ಪಕ್ಕ ಕುಳಿತೆ. ಸೊಟ್ಟಗಾದ ಬಾಯಿಂದ, "ಓಣ್ಯಾಗ ಗಟಾರ... ಹರೀತೈತನು?" ಎಂದರು. "ಹರೀತೈತ್ರಿ" ಎಂದೆ. ಅಷ್ಟು ಕೇಳಿ ನಿದ್ದೆಹೋದರು. ಮುಂದಿನ ವಾರ ತೀರಿಕೊಂಡರು.

ಅವರನ್ನು ನೆನೆಯಲು ಓಣಿ ಮತ್ತೆ ಗುಡಿಕಟ್ಟೆಯಲ್ಲಿ ಸೇರಿತು. ಅವರ ಬಗ್ಗೆ ಅಲ್ಲಿ ಆಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆಡದೆ ಬಿಟ್ಟದ್ದನ್ನು ನಾನು ಇಲ್ಲಿ ಬರೆದಿದ್ದೇನೆ.

ಕ್ವಾರಿಯಲ್ಲಿ ನನ್ನ ಜೊತೆ ಅದನ್ನು ಕಂಡವಳು ಮೈಲವ್ವ ಒಬ್ಬಳೇ. ಇನ್ನೂ ಗಟ್ಟಿಯಾಗಿದ್ದಾಳೆ. ಯುಗಾದಿ ಕಳೆದ ಮೇಲೆ ಕುರಿ ಹೊಡೆದುಕೊಂಡು ಹಡಗಲಿಯ ಕಡೆ ಹೋಗುತ್ತಾಳೆ, ಮಳೆಗಾಲಕ್ಕೆ ತಿರುಗಿ ಬರುತ್ತಾಳೆ. ಯಾರು ಕೇಳಿದರೂ ಹೇಳುತ್ತಾಳೆ. ಇದುವರೆಗೆ ಯಾರೂ ಕೇಳಿಲ್ಲ.