ನಿಪ್ಪಟ್ಟಜ್ಜಿ ಕೆಡಿಸಿದ ಭಾನುವಾರ

ಮಗಳು ಈಚೆಗೆ ಈಜು ಕಲಿಯಲು ಹೋಗುತ್ತಿದ್ದಾಳೆ. ಬಂದವಳು ಒದ್ದೆ ಟವೆಲನ್ನು ಒಣಗಹಾಕುವುದಿಲ್ಲ, ಬ್ಯಾಗಿನಲ್ಲೇ ಮುದುರಿಟ್ಟು ಕಾಲೇಜಿಗೆ ಓಡುತ್ತಾಳೆ. ಮೊನ್ನೆ ಅವಳನ್ನು ಬೈದುಕೊಳ್ಳುತ್ತಲೇ ಆ ಬ್ಯಾಗಿನ ಜಿಪ್ ಎಳೆದೆ. ಕ್ಲೋರಿನ್ ವಾಸನೆ ಮುಖಕ್ಕೆ ಹೊಡೆಯಿತು. ಹಲಸೂರಿನ ನಮ್ಮ ಪುಟ್ಟ ಬಾಲ್ಕನಿಯಲ್ಲಿ ಟವೆಲ್ ಹಿಡಿದು ನಿಂತವಳಿಗೆ, ಎಷ್ಟೋ ವರ್ಷಗಳ ಹಿಂದೆ ಊರಾಚೆಯ ಥೀಮ್ ಪಾರ್ಕಿನಲ್ಲಿ ನಮ್ಮದೊಂದು ಭಾನುವಾರವನ್ನು ಪೂರ್ತಿ ಕೆಡಿಸಿಹಾಕಿದ ಹೆಂಗಸು ನೆನಪಾದರು. ನೆನಪಾದ ಕೂಡಲೇ ಮೊದಲು ಬಂದದ್ದು ರೇಗು. ಈಗಲೂ.

ಮಗಳು ಅವರಿಗೆ ಇಟ್ಟ ಹೆಸರು ನಿಪ್ಪಟ್ಟಜ್ಜಿ. ಕೊನೆಯವರೆಗೂ ನಮ್ಮ ಮನೆಯಲ್ಲಿ ಅವರಿಗೆ ಅದೇ ಹೆಸರು.

ಅಂದು ನಾವು ಮೋಜು ಮಾಡಲೆಂದು ಹೋದವರಲ್ಲ. ನಾನೂ ಮಗಳ ಅಪ್ಪನೂ ಬೇರೆಯಾಗುವುದೆಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಜಗಳದ ದಿನಗಳೆಲ್ಲ ಮುಗಿದು, ಇಬ್ಬರೂ ಸುಸ್ತಾಗಿ, ಬಾಡಿಗೆಗೆ ಬಂದವರ ಹಾಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಇರುತ್ತಿದ್ದ ಕಾಲ ಅದು. ಅವರು ಕಲ್ಯಾಣ ನಗರದಲ್ಲಿ ಮನೆಯನ್ನೂ ನೋಡಿಕೊಂಡಿದ್ದರು. ಮೂರನೇ ಕ್ಲಾಸಿನಲ್ಲಿದ್ದ ಮಗಳಿಗೆ ಹೇಳುವುದೊಂದೇ ಬಾಕಿ. ಮನೆಯಲ್ಲಿ ಹೇಳಿದರೆ ಆ ಗೋಡೆಗಳನ್ನು ನೋಡಿದಾಗಲೆಲ್ಲ ಅವಳಿಗೆ ಅದೇ ನೆನಪಾದೀತು, ಎಲ್ಲಾದರೂ ಖುಷಿಯ ಜಾಗಕ್ಕೆ ಕರೆದೊಯ್ದು, ಊಟದ ಹೊತ್ತಿನಲ್ಲಿ ಸಮಾಧಾನವಾಗಿ ಹೇಳಿಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಬಹಳ ದಿನಗಳ ಮೇಲೆ ನಾವಿಬ್ಬರೂ ಒಪ್ಪಿಕೊಂಡ ವಿಷಯ ಅದೊಂದೇ ಇರಬೇಕು…

ಪಾರ್ಕಿನ ಗೇಟಿನಲ್ಲಿ ಕ್ಯೂ ಉದ್ದವಿತ್ತು. ನಮ್ಮ ಮುಂದೆ ರೇಷ್ಮೆ ಸೀರೆ ಉಟ್ಟ, ದಪ್ಪ ಸರ ಹಾಕಿಕೊಂಡ, ಹವಾಯಿ ಚಪ್ಪಲಿ ಮೆಟ್ಟಿದ ಹೆಂಗಸೊಬ್ಬರು ದೊಡ್ಡ ಸ್ಟೀಲ್ ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವೆಂದು ಗೇಟಿನವನು ತಡೆದ.

“ನಿಪ್ಪಟ್ಟು ಕಣಪ್ಪ, ಬಾಂಬೇನಲ್ಲ,” ಎಂದರು.

“ರೂಲ್ಸ್ ಅಮ್ಮ. ನಾನೇನು ಮಾಡ್ಲಿ?”

“ಸರಿ ಬಿಡು. ಇಲ್ಲೇ ಖಾಲಿ ಮಾಡ್ತೀನಿ.”

ಹೇಳಿದವರೇ ಮುಚ್ಚಳ ತೆಗೆದು ಕ್ಯೂನಲ್ಲಿದ್ದವರಿಗೆಲ್ಲ ಹಂಚತೊಡಗಿದರು. ಬೇಡ ಎಂದವರ ಕೈಗೂ ತುರುಕಿದರು. ಗೇಟಿನವನಿಗೂ ಕೊಟ್ಟರು. ಕ್ಯೂ ಮುಂದೆ ಹೋಗಲೇ ಇಲ್ಲ. ನಾನು ಕೈಗಡಿಯಾರ ನೋಡಿಕೊಂಡು ಹಲ್ಲು ಕಚ್ಚಿದೆ. ಮಗಳು ಮಾತ್ರ ಎರಡೂ ಕೈಯಲ್ಲಿ ನಿಪ್ಪಟ್ಟು ಹಿಡಿದು, “ಅಜ್ಜಿ, ಇನ್ನೊಂದು,” ಎಂದಳು. ಅಷ್ಟೇ, ಅಲ್ಲಿಂದ ಆ ಅಜ್ಜಿ ನಮಗೆ ಅಂಟಿಕೊಂಡರು.

ಅವರದು ಕೆ.ಆರ್. ಪುರದ ಹತ್ತಿರದ ಒಂದು ಹಳ್ಳಿ. ಹಿಂದೆ ರಾಗಿ, ತರಕಾರಿ ಬೆಳೆಯುತ್ತಿದ್ದ ಮನೆತನ, ಈಗ ಆ ಹೊಲದಲ್ಲೆಲ್ಲ ಅಪಾರ್ಟ್‌ಮೆಂಟು. ಮಕ್ಕಳು, ಸೊಸೆಯರು, ಮೊಮ್ಮಕ್ಕಳೊಂದಿಗೆ ಟೆಂಪೊ ಮಾಡಿಕೊಂಡು ಬಂದಿದ್ದೇನೆ ಎಂದರು. ಹಾಗಿದ್ದರೆ ಅವರೆಲ್ಲ ಎಲ್ಲಿ ಎಂದು ಕೇಳಿದೆ. “ಅವ್ರೊಂದ್ ಕಡೆ, ಇವ್ರೊಂದ್ ಕಡೆ. ನಂಗೆ ಅಷ್ಟು ಜೋರಾಗಿ ನಡಿಯಕ್ಕಾಗಲ್ಲ. ನೀವು ನಿಧಾನಸ್ಥರು,” ಎಂದು ನಮ್ಮ ಜೊತೆಗೇ ಹೆಜ್ಜೆ ಹಾಕಿದರು. ನಾನು ಬೇಗ ನಡೆದೆ. ಅವರೂ ಬೇಗ ನಡೆದರು.

ನೀರಿನ ಆಟಗಳಿಗೆ ಸೀರೆ ಉಟ್ಟು ಇಳಿಯುವಂತಿರಲಿಲ್ಲ. ಇನ್ನಾದರೂ ದಡದಲ್ಲಿ ಕೂರುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಾಡಿಗೆಯ ನೈಲಾನ್ ಟೀ ಶರ್ಟು, ಮೊಣಕಾಲು ದಾಟಿದ ನೀಲಿ ಚಡ್ಡಿ, ಮೇಲೆ ಅದೇ ದಪ್ಪ ಸರ, ಹಣೆಯಲ್ಲಿ ಕಾಸಗಲ ಕುಂಕುಮದೊಂದಿಗೆ ಬಂದು ನಿಂತರು. “ಯಾರೂ ನೋಡಲ್ಲ ಬಾರಮ್ಮ, ಎಲ್ರೂ ಹಿಂಗೇ ಅವ್ರೆ,” ಎಂದು ನನಗೇ ಧೈರ್ಯ ಹೇಳಿದರು. ಅಲೆ ಏಳುವ ಕೊಳದಲ್ಲಿ, ಕೊಚ್ಚಿಕೊಂಡು ಹೋಗುತ್ತೇವೆಂದು ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಮಗಳ ಅಪ್ಪನನ್ನೂ ಹಿಡಿದರು. ಮಗಳು ಅಪ್ಪನ ಹೆಗಲೇರಿ ಕಿರುಚುತ್ತಿದ್ದಳು. ಅಲೆ ಬಂದಾಗಲೆಲ್ಲ ಅಜ್ಜಿ ನಮ್ಮಿಬ್ಬರನ್ನೂ ಎಳೆದುಕೊಂಡೇ ಮುಳುಗುತ್ತಿದ್ದರು. ತಿಂಗಳುಗಟ್ಟಲೆ ಒಬ್ಬರ ಭುಜ ಒಬ್ಬರಿಗೆ ತಾಗದಂತೆ ಓಡಾಡಿದ್ದವರು ನಾವು. ಅವತ್ತು ಮೂಗಿಗೆ ನೀರು ನುಗ್ಗಿ, ಕೆಮ್ಮುತ್ತಾ, ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು.

ಊಟಕ್ಕೆ ಕುಳಿತೆವು. ಅಜ್ಜಿ ಬಟ್ಟೆ ಬದಲಿಸಲು ಹೋಗಿದ್ದರು. ಮಗಳ ಅಪ್ಪ ನನ್ನ ಮುಖ ನೋಡಿ, “ನೀನೇ ಶುರು ಮಾಡು,” ಎಂದು ಮೆಲ್ಲಗೆ ಹೇಳಿದರು.

“ನೀವೇ ಹೇಳ್ತೀನಿ ಅಂದಿದ್ರಿ.”

ಅವರು ಗಂಟಲು ಸರಿಮಾಡಿಕೊಂಡರು. “ಪುಟ್ಟೀ, ಅಪ್ಪ ನಿಂಗೆ ಒಂದು ವಿಷಯ ಹೇಳ್ಬೇಕು…”

ನಾಲ್ಕನೇ ಕುರ್ಚಿಯನ್ನು ದರದರ ಎಳೆದುಕೊಂಡು ಅಜ್ಜಿ ಕುಳಿತರು. ತಟ್ಟೆಯಲ್ಲಿ ಪಲಾವು. “ಏನಪ್ಪ ವಿಷ್ಯ? ಹೇಳು, ನಾನೂ ಕೇಳ್ತೀನಿ.”

ಮಗಳ ಅಪ್ಪ, “ಏನಿಲ್ಲಮ್ಮ. ಐಸ್‌ಕ್ರೀಮ್ ಯಾವುದು ಬೇಕು ಅಂತ,” ಎಂದರು.

“ಅದಕ್ಯಾಕೆ ಅಷ್ಟು ಮುಖ ಸಪ್ಪಗೆ ಮಾಡ್ಕತೀಯ?” ಎಂದು ಅಜ್ಜಿ ಎಲ್ಲರಿಗೂ ಐಸ್‌ಕ್ರೀಮ್ ತರಿಸಿದರು.

ಸಂಜೆ ಉಳಿದ ಒಂದೇ ದಾರಿ ಎಂದರೆ ಜೈಂಟ್ ವೀಲ್. ತೊಟ್ಟಿಲೊಳಗೆ ನಾವು ಮೂವರೇ ಇರುತ್ತೇವೆ, ಮೇಲೆ ಹೋದಾಗ ಹೇಳಿಬಿಡೋಣ ಎಂದು ನಾನೇ ಸೂಚಿಸಿದೆ. ಅಜ್ಜಿ ದೂರದಲ್ಲಿ ಯಾರೊಂದಿಗೋ ಮಾತಾಡುತ್ತಿದ್ದುದನ್ನು ನೋಡಿ ಸದ್ದಿಲ್ಲದೆ ಹತ್ತಿದೆವು. ಬಾಗಿಲು ಹಾಕುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದರು. “ನಾಕು ಜನದ್ದು ಇದು. ಒಂದು ಸೀಟು ಖಾಲಿ ಹೋಗ್ಬಾರ್ದು,” ಎಂದು ಒಳಗೆ ತೂರಿಕೊಂಡರು. ಆ ಕ್ಷಣ ನನಗೆ ಅಳು ಬಂದಿತ್ತು. ಮಗಳ ಅಪ್ಪ ಹೊರಗೆ ಮುಖ ತಿರುಗಿಸಿಕೊಂಡರು. ಅವರಿಗೆ ನಗು ಬಂದಿತ್ತೆಂದು ಅವರ ಬೆನ್ನು ಅಲುಗುವುದನ್ನು ನೋಡಿ ಗೊತ್ತಾಯಿತು.

ತೊಟ್ಟಿಲು ತೀರಾ ಮೇಲೆ ಹೋಗಿ ನಿಂತಾಗ ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಊರ ದೇವತೆಯಿಂದ ಹಿಡಿದು ಗೊತ್ತಿದ್ದ ದೇವರನ್ನೆಲ್ಲ ಕರೆಯತೊಡಗಿದರು. ದೇವರು ಸಾಲದೆ ಬಂದಾಗ ಪಾರ್ಕಿನವರನ್ನೂ ಬೈದರು. ಕೈಗೆ ಸಿಕ್ಕಿದ ನಮ್ಮಿಬ್ಬರ ಕೈಗಳನ್ನೂ ಒಟ್ಟುಸೇರಿಸಿ ಎದೆಗೆ ಅವುಚಿಕೊಂಡರು. ಅವರ ಬಳೆ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. “ಬಿಡ್ಬೇಡ್ರಪ್ಪ, ಬಿಡ್ಬೇಡ್ರಮ್ಮ,” ಎನ್ನುತ್ತಿದ್ದರು. ಮಗಳು ನಕ್ಕು ನಕ್ಕು ಬಿಕ್ಕಳಿಕೆ ಹತ್ತಿಸಿಕೊಂಡಳು. ಅವಳು ಬಿಕ್ಕಳಿಸುವುದನ್ನು ನೋಡಿ ನಾನು ನಕ್ಕೆ. ಮಗಳ ಅಪ್ಪನೂ ನಕ್ಕರು. ನಾವು ಮೂವರೂ ಒಟ್ಟಿಗೆ ಅಷ್ಟು ನಕ್ಕದ್ದು ಅದಕ್ಕೂ ಮುಂಚೆ ಯಾವಾಗಲೋ… ಆಮೇಲಂತೂ ಇಲ್ಲ.

ಹೇಳಬೇಕಾದ ಮಾತು ಹಾಗೇ ಉಳಿಯಿತು. ಹೊರಡುವಾಗ ಅಜ್ಜಿಯ ಸೊಸೆಯೊಬ್ಬಳು ಮೊಬೈಲಿನಲ್ಲಿ ನಮ್ಮ ಫೋಟೋ ತೆಗೆದಳು. ಪ್ರತಿಯೊಂದರಲ್ಲೂ ನಡುವೆ ಅಜ್ಜಿ ಇದ್ದರು. ನಾವು ಮೂವರೇ ಇರುವ ಚಿತ್ರ ಒಂದೂ ಇಲ್ಲ. ಕಳಿಸಲೆಂದು ನಂಬರ್ ಕೇಳಿದಾಗ, “ಇಬ್ರದ್ದೂ ಕೊಡಿ, ಒಂದು ಹೋದ್ರೆ ಇನ್ನೊಂದಿರ್ಲಿ,” ಎಂದು ಅಜ್ಜಿ ಹಟ ಹಿಡಿದು ತೆಗೆದುಕೊಂಡರು.

ಕೆಲವು ದಿನಗಳ ನಂತರ ಮನೆಯಲ್ಲೇ, ಅಡುಗೆಮನೆಯಲ್ಲಿ, ಕುಕ್ಕರ್ ಕೂಗುತ್ತಿರುವಾಗ ಮಗಳಿಗೆ ವಿಷಯ ಹೇಳಿದೆವು. ಅವಳು ಅಳಲಿಲ್ಲ. “ನಿಪ್ಪಟ್ಟಜ್ಜಿಗೆ ಗೊತ್ತಾ?” ಎಂದು ಕೇಳಿದಳು. ಇಲ್ಲ ಎಂದೆ.

“ಅವ್ರಿಗೆ ಹೇಳ್ಬೇಡ,” ಎಂದಳು.

ಹೇಳಬೇಕಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ದಾರಿಯಲ್ಲಿ ಸಿಕ್ಕವರು, ಮರೆತುಬಿಡುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ಮರೆಯುವ ಜಾತಿಯವರಲ್ಲ. ಯುಗಾದಿಗೆ ಫೋನು, ಗೌರಿಹಬ್ಬಕ್ಕೆ ಫೋನು, ಸಂಕ್ರಾಂತಿಗೆ ಫೋನು. ಅದೂ ಒಬ್ಬಟ್ಟು ತವದ ಮೇಲಿರುವ ಹೊತ್ತಿಗೇ ಸರಿಯಾಗಿ. “ಯಜಮಾನ್ರು ಚೆನ್ನಾಗವ್ರೇನಮ್ಮ?” ಎಂದು ಕೇಳುತ್ತಿದ್ದರು. ಮಗಳು ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದಳು. “ಚೆನ್ನಾಗಿದ್ದಾರಮ್ಮ,” ಎನ್ನುತ್ತಿದ್ದೆ. ಫೋನಿಟ್ಟ ಮೇಲೆ ಸಿಟ್ಟೆಲ್ಲ ಒಬ್ಬಟ್ಟಿನ ಮೇಲೆ.

ಒಮ್ಮೆ ನಾನು ಕೆಲಸ ಮಾಡುವ ಶಿವಾಜಿನಗರದ ಕನ್ನಡಕದ ಅಂಗಡಿಗೇ ಬಂದುಬಿಟ್ಟರು. ರಸೆಲ್ ಮಾರುಕಟ್ಟೆಗೆ ಹೂವಿಗೆಂದು ಬಂದಿದ್ದರಂತೆ. ಸೇವಂತಿಗೆಯ ದೊಡ್ಡ ಚೀಲವನ್ನು ಗಾಜಿನ ಕೌಂಟರಿನ ಮೇಲೆ ಧೊಪ್ಪನೆ ಇಟ್ಟರು. ಗಿರಾಕಿಗಳು ಕಾಯುತ್ತಿದ್ದರು, ಮಾಲೀಕರು ನನ್ನನ್ನೇ ನೋಡುತ್ತಿದ್ದರು. ಇವತ್ತು ಹೇಳಿಯೇ ಬಿಡಬೇಕು, ಈ ಕಾಟಕ್ಕೆ ಒಂದು ಕೊನೆಯಾಗಲಿ ಎಂದು ಗಟ್ಟಿ ಮನಸ್ಸು ಮಾಡಿ ಅವರನ್ನು ಕಣ್ಣು ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದೆ.

“ಅಮ್ಮ, ನಿಮಗೊಂದು ಮಾತು ಹೇಳ್ಬೇಕಿತ್ತು,” ಎಂದೆ.

“ನಂಗೂ ಹೇಳೋದದೆ,” ಎಂದು ಅವರೇ ಮೊದಲು ಶುರುಮಾಡಿದರು. “ಅವತ್ತು ಪಾರ್ಕಲ್ಲಿ ನಿಮ್ಮ ಹಿಂದೇನೇ ಸುತ್ತಿದ್ನಲ್ಲ, ನಿಮಗೆ ಬೇಜಾರಾಗಿರ್ಬೇಕು. ನನ್ ಮಕ್ಕಳಿಬ್ರೂ ಜಮೀನಿನ ವಿಷ್ಯಕ್ಕೆ ಮಾತು ಬಿಟ್ಟವ್ರೆ ಕಣಮ್ಮ. ಒಂದು ದಿನ ಒಂದೇ ಗಾಡೀಲಿ ಕೂರ್ಸಿದ್ರೆ ಮಾತಾಡ್ತಾರೇನೋ ಅಂತ ನಾನೇ ಎಲ್ರನ್ನೂ ಹೊರಡ್ಸಿದ್ದೆ. ಇಳಿದ ತಕ್ಷಣ ಅವನು ಅವನ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಆ ಕಡೆ ಹೋದ, ಇವನು ಈ ಕಡೆ. ನಾನು ಯಾರ ಹಿಂದೆ ಹೋಗ್ಲಿ? ಒಬ್ಬನ ಹಿಂದೆ ಹೋದ್ರೆ ಇನ್ನೊಬ್ಬನಿಗೆ ಕೋಪ. ಗೇಟಲ್ಲಿ ಡಬ್ಬ ಹಿಡ್ಕೊಂಡು ನಿಂತಿದ್ದೆ. ನೀವು ಮೂರು ಜನ ಒಟ್ಟಿಗೆ ಬಂದ್ರಿ. ನೋಡಿ ಹೊಟ್ಟೆ ತಣ್ಣಗಾಯ್ತು.”

ನಾನು ಅಕ್ಷರಗಳ ಬೋರ್ಡಿನ ದೀಪ ಹಾಕಿದೆ. “ನೀನೇನೋ ಹೇಳ್ಬೇಕು ಅಂದ್ಯಲ್ಲ?” ಎಂದರು.

“ಏನಿಲ್ಲಮ್ಮ. ಮೇಲಿನ ಸಾಲು ಓದಿ,” ಎಂದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂತು. ಹಬ್ಬವೂ ಅಲ್ಲ, ಏನೂ ಅಲ್ಲ, ಇವತ್ತೇನು ಕಾಟವೋ ಎಂದು ಗೊಣಗಿಕೊಂಡೇ ಎತ್ತಿದೆ. ಮಾತಾಡಿದ್ದು ಸೊಸೆ. ಅಜ್ಜಿ ನಿದ್ದೆಯಲ್ಲೇ ಹೋಗಿಬಿಟ್ಟರು, ತಿಥಿಗೆ ಬನ್ನಿ ಎಂದಳು.

ಮಗಳನ್ನು ಕರೆದುಕೊಂಡು ಮೆಟ್ರೋದಲ್ಲಿ ಹೋದೆ. ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೆಯ ಹೆಂಚಿನ ಮನೆ, ಮುಂದೆ ಶಾಮಿಯಾನ. ಅದರ ಬಾಯಲ್ಲಿ ಮಗಳ ಅಪ್ಪ ನಿಂತಿದ್ದರು. ನಾನು ದಂಗಾದೆ.

“ನೀವು ಹೇಗೆ ಇಲ್ಲಿ?”

“ನಂಗೂ ಫೋನ್ ಮಾಡ್ತಿದ್ರು. ಪ್ರತಿ ಹಬ್ಬಕ್ಕೂ. ನೀನು ಹೇಗಿದ್ದೀಯ ಅಂತ ಕೇಳ್ತಿದ್ರು,” ಎಂದರು. ಆಮೇಲೆ ಮಗಳ ಕಡೆ ನೋಡಿದರು. “ಇವಳು ಹೇಳ್ಬೇಡ ಅಂದಿದ್ಳು.”

ಮಗಳು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ ಮುಖ ಮರೆಸಿಕೊಂಡಳು.

ನಮ್ಮನ್ನು ಒಂದೇ ಸಾಲಿನಲ್ಲಿ, ಅಕ್ಕಪಕ್ಕದ ಎಲೆಗೆ ಕೂರಿಸಿದರು. ಆ ಜನರ ನಡುವೆ ಎದ್ದು ಬೇರೆ ಕಡೆ ಕೂರುವುದು ಹೇಗೆ? ಹಿರಿಯ ಮಗ ಪಂಕ್ತಿಯ ಒಂದು ತುದಿಯಿಂದ ವಿಚಾರಿಸಿಕೊಳ್ಳುತ್ತಿದ್ದರು, ಕಿರಿಯವರು ಇನ್ನೊಂದು ತುದಿಯಿಂದ. ಇಬ್ಬರೂ ಎದುರುಬದುರಾಗದಂತೆ ನೋಡಿಕೊಳ್ಳುತ್ತಿದ್ದುದು ನನಗೆ ಕಂಡಿತು. ಹಿರಿಯವರು ನಮ್ಮ ಎಲೆಯ ಮುಂದೆ ನಿಂತು, “ಪಾರ್ಕಿನವ್ರು ನೀವೇ ಅಲ್ವಾ? ಅಮ್ಮ ಯಾವಾಗ್ಲೂ ನಿಮ್ಮನ್ನ ತೋರ್ಸಿ ನಮ್ಮನ್ನ ಬೈತಿದ್ರು. ಹೊಂದ್ಕೊಂಡು ಇರೋದು ಅವರನ್ನ ನೋಡಿ ಕಲೀರಿ ಅಂತ,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ನನಗೆ ನೆಲ ಬಿರಿಯಬಾರದೇ ಎನಿಸಿತು. ಸತ್ತ ಮೇಲೂ ಈ ಮುದುಕಿ ನಮ್ಮನ್ನು ಬಿಡುವುದಿಲ್ಲವಲ್ಲ ಎಂದು ಮೈ ಉರಿಯಿತು. ಮಗಳ ಅಪ್ಪ ಎಲೆಯನ್ನೇ ನೋಡುತ್ತಾ, “ಅಮ್ಮ ದೊಡ್ಡವರು,” ಎಂದಷ್ಟೇ ಹೇಳಿದರು. ನಾನು ಅನ್ನ ಕಲಸಿದೆ.

ವಾಪಸ್ಸು ಬರುವಾಗ ಮೆಟ್ರೋದಲ್ಲಿ ಮಗಳನ್ನು ಕೇಳಿದೆ, ಯಾಕೆ ಹೇಳಬೇಡ ಅಂದಿದ್ದೆ ಎಂದು. “ಗೊತ್ತಾಗಿದ್ರೆ ಅವ್ರೂ ನಮ್ಮನ್ನ ಪಾಪ ಅಂತ ನೋಡ್ತಿದ್ರು,” ಎಂದಳು. ಆಮೇಲೆ, “ಅವತ್ತು ಪಾರ್ಕಲ್ಲಿ ಎಷ್ಟು ಚೆನ್ನಾಗಿತ್ತು ಅಲ್ವಾಮ್ಮ?” ಎಂದಳು. ಇಡೀ ದಿನ ಆ ಹೆಂಗಸಿನಿಂದ ತಪ್ಪಿಸಿಕೊಳ್ಳಲು ಒದ್ದಾಡಿದವಳು ನಾನು. ಅದನ್ನು ಅವಳಿಗೆ ಹೇಳಲಿಲ್ಲ.

ಈ ಯುಗಾದಿಗೆ ಒಬ್ಬಟ್ಟು ಮಾಡುವಾಗ ಫೋನ್ ಬರಲಿಲ್ಲ. ಗೊತ್ತಿದ್ದೂ ಎರಡು ಸಲ ಕೈ ಒರೆಸಿಕೊಂಡು ನೋಡಿದೆ. ಮಧ್ಯಾಹ್ನದ ಮೇಲೆ ಬಂದದ್ದು ಮಗಳ ಅಪ್ಪನ ಫೋನು. ಹಬ್ಬಕ್ಕೆ ಅವರು ಮಗಳಿಗೆ ಮಾಡುತ್ತಾರೆ, ನನಗಲ್ಲ. ಅವಳು ಮಲಗಿದ್ದಾಳೆ ಎಂದೆ.

“ಇಲ್ಲ, ನಿಂಗೇ ಮಾಡಿದ್ದು,” ಎಂದರು. “ಇಷ್ಟು ವರ್ಷ ನಿನ್ನನ್ನ ಕೇಳದೇನೇ, ಚೆನ್ನಾಗಿದ್ದಾಳೆ ಅಂತ ಅಜ್ಜಿಗೆ ಹೇಳ್ಬಿಡ್ತಿದ್ದೆ. ಇವತ್ತು ಯಾರೂ ಕೇಳ್ಲಿಲ್ಲ… ಹೇಗಿದ್ದೀಯ?”

ಚೆನ್ನಾಗಿದ್ದೇನೆ ಎಂದೆ. ನೀವು ಎಂದು ಕೇಳಿದೆ. ಅವರೂ ಚೆನ್ನಾಗಿದ್ದೇನೆ ಎಂದರು. ಅದನ್ನು ಹೋಗಿ ಹೇಳಲು ಇಬ್ಬರಿಗೂ ಈಗ ಯಾರೂ ಇರಲಿಲ್ಲ.